ಎಸ್ತೇರವ್ವನ ಶುಕ್ರವಾರ

ಗೋಕಾಕದಲ್ಲಿ ಎಸ್ತೇರವ್ವನ ಮನೆ ಹುಡುಕುವವರು ವಿಳಾಸ ಕೇಳುವ ಕಾರಣವಿಲ್ಲ. ನಸುಕಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಎಲ್ಲಿಂದ ಬರುತ್ತದೋ ಅದೇ ಅವಳ ಮನೆ. ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ದಿನಾ ರೊಟ್ಟಿ ಕಳಿಸುವ ಕೈ ಅದು. ಕೈಯಷ್ಟೇ ಗಟ್ಟಿ ಬಾಯಿ, ಬಾಯಿಗಿಂತ ಗಟ್ಟಿ ಪ್ರಾರ್ಥನೆ. ಒಮ್ಮೆ ಮೊಣಕಾಲೂರಿದಳೆಂದರೆ ಬೇಡಿದ್ದು ಸಿಗುವವರೆಗೆ ಬಿಡುವ ಪೈಕಿ ಅಲ್ಲ. ಇವಳ ಕಾಟ ತಾಳಲಾರದೆ ದೇವರು ಎಷ್ಟೋ ಸಲ ‘ತಗೋ ಮಾರಾಯ್ತಿ’ ಎಂದು ಕೊಟ್ಟುಬಿಟ್ಟಿರಬೇಕು ಎಂದು ಓಣಿಯವರು ನಗುತ್ತಾರೆ. ಎಸ್ತೇರವ್ವನಿಗೆ ಅದು ನಗೆಯ ಮಾತಲ್ಲ, ಅನುಭವ.

ಅವಳ ತವರು ಮೂಡಲಗಿ. ಅಲ್ಲಿ ಅವಳವ್ವ ಒಂದು ರೂಢಿ ಇಟ್ಟುಕೊಂಡಿದ್ದಳು. ದಿನದ ಜೋಳ ಹಸನು ಮಾಡುವಾಗ ಮೊದಲ ಹಿಡಿಯನ್ನು ಬೇರೆ ಗಡಿಗೆಗೆ ಹಾಕುವುದು. ಹಾಕುವಾಗ ಯಾರದಾದರೂ ಒಬ್ಬರ ಹೆಸರು ಹೇಳಿ ಅವರಿಗಾಗಿ ಬೇಡಿಕೊಳ್ಳುವುದು. ಭಾನುವಾರ ಆ ಗಡಿಗೆ ಚರ್ಚಿಗೆ ಹೋಗುತ್ತಿತ್ತು, ಅಲ್ಲಿಂದ ಆ ವಾರ ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲವೋ ಅವರ ಮನೆಗೆ. ಮದುವೆಯಾಗಿ ಗೋಕಾಕಕ್ಕೆ ಬಂದ ಎಸ್ತೇರವ್ವ ಬೇರೇನು ತಂದಳೋ ಬಿಟ್ಟಳೋ, ಈ ಹಿಡಿಜೋಳವನ್ನು ಮಾತ್ರ ಬಿಡದೆ ತಂದಳು. ಗಂಡ ಯೋಹಾನಪ್ಪ ಕುಡಿಯುತ್ತಿದ್ದ. ವರ್ಷಗಟ್ಟಲೆ ಗಡಿಗೆಗೆ ಬಿದ್ದ ಪ್ರತಿ ಹಿಡಿಯೂ ಅವನ ಹೆಸರಿನದೇ. ಬೀಗರು, ನೆರೆಯವರು ಎಲ್ಲ ಕೈಬಿಟ್ಟ ಮೇಲೆ ಒಂದು ದಿನ ಯೋಹಾನಪ್ಪ ತಾನಾಗಿ ಕುಡಿತ ಬಿಟ್ಟ. ಆಮೇಲೆ ಸಾಯುವ ತನಕ ಚರ್ಚಿನ ಗಂಟೆ ಬಾರಿಸುವ ಕೆಲಸ ಅವನದೇ ಆಗಿತ್ತು. ಅಂದಿನಿಂದ ಎಸ್ತೇರವ್ವನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತು. ಕೈಬಿಡದೆ ಬೇಡಿದರೆ ಕರ್ತನು ಎಂಥವರ ಕಣ್ಣನ್ನಾದರೂ ತೆರೆಯುತ್ತಾನೆ. ಮಾತು ಖರೆಯೇ. ಯಾರ ಕಣ್ಣು ಎನ್ನುವುದನ್ನು ಮಾತ್ರ ಅವಳೇ ಗೊತ್ತುಮಾಡಿಕೊಂಡುಬಿಟ್ಟಿದ್ದಳು.

ಮಗ ಪ್ರಭಾಕರ ಕರೆಂಟಿನ ಲೈನ್‌ಮನ್. ಘಟಪ್ರಭಾದ ಔಷಧ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಕ್ಕೇರಿಯ ಜೈನರ ಹುಡುಗಿ ಆರತಿಯನ್ನು ಮೆಚ್ಚಿದ. ಎರಡೂ ಮನೆಗಳಲ್ಲಿ ಆಗಬೇಕಾದ ರಂಪವೆಲ್ಲ ಆಯಿತು, ಅತ್ತೂ ಆಯಿತು, ಕಡೆಗೆ ರಿಜಿಸ್ಟರ್ ಮದುವೆಯೂ ಆಯಿತು. ಮನೆಗೆ ಬಂದ ದಿನವೇ ಆರತಿ ಒಳಗೊಂದು ಹೊರಗೊಂದು ಇಟ್ಟುಕೊಳ್ಳದೆ ಹೇಳಿದ್ದಳು: “ಅತ್ತಿ, ನಿಮ್ಮ ಸಂಗಾಟ ಚರ್ಚಿಗೆ ಬರತೇನ್ರಿ, ಕೂಡತೇನ್ರಿ, ನಿಮ್ಮ ಮಂದಿಗೆ ಅಡಗಿನೂ ಮಾಡತೇನ್ರಿ. ಆದ್ರ ಹೊತ್ತ ಮುಳುಗಿದ ಮ್ಯಾಲ ಉಣ್ಣೂದು ಮಾತ್ರ ನನ್ನ ಕಡೆ ಆಗೂದಿಲ್ರಿ. ಸಣ್ಣಾಕಿ ಇದ್ದಾಗಿಂದ ಬಂದದ್ದು.”

“ಆತವಾ, ಯಾರ ಬ್ಯಾಡ ಅಂತಾರ,” ಎಂದಳು ಎಸ್ತೇರವ್ವ. ಮರುದಿನದಿಂದ ಗಡಿಗೆಗೆ ಬೀಳುವ ಹಿಡಿಗೆ ಆರತಿಯ ಹೆಸರು ಬಂತು. ‘ಇದರ ಕಣ್ಣು ತೆರೆ ತಂದೆ, ಕತ್ತಲೆಯಲ್ಲಿದೆ ಕೂಸು.’ ಸೊಸೆಯ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಅದನ್ನು ಹೇಳಲೇಬೇಕು. ಪ್ರೀತಿಯೇ ಇತ್ತು. ಪ್ರೀತಿ ಇದ್ದಲ್ಲಿ ಕಣ್ಣೂ ಇರುತ್ತದೆ ಎನ್ನುವವರು ಅತ್ತೆ ಸೊಸೆಯರ ಸಂಸಾರ ನೋಡಿಲ್ಲ.

ಶುಕ್ರವಾರ ಎಸ್ತೇರವ್ವನ ಮನೆಯಲ್ಲಿ ಪ್ರಾರ್ಥನಾ ಕೂಟ. ಅವತ್ತು ಅವಳಿಗೆ ಉಪವಾಸ. ಮುಂಜಾನೆ ಖಾನಾವಳಿಯ ರೊಟ್ಟಿ ಮುಗಿದರೆ ಒಲೆ ಆರಿತು. ಪ್ರಭಾಕರ ಹೊರಗೆಲ್ಲೋ ಉಣ್ಣುತ್ತಿದ್ದ. ಮಧ್ಯಾಹ್ನದ ಮೇಲೆ ಆರತಿ ಒಲೆ ಹೊತ್ತಿಸಿ ಕೂಟದ ಮಂದಿಗೆ ಅಡುಗೆ ಮಾಡುತ್ತಿದ್ದಳು. ಹೆಂಗಸರು ಹೊಲ, ಗಾಣ, ಮನೆಗೆಲಸ ಮುಗಿಸಿ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಹಾಡು, ಸಾಕ್ಷಿ, ಪ್ರಾರ್ಥನೆ ಎಲ್ಲ ಆಗಿ ಆಮೆನ್ ಎಂದ ಮೇಲೆ ಊಟ. ಅದಕ್ಕೆ ಮುಂಚೆ ಯಾರೂ ಅಡುಗೆ ಮುಟ್ಟಬಾರದು. ಇದು ಪಾಸ್ಟರ್ ಹೇಳಿದ್ದಲ್ಲ, ಎಸ್ತೇರವ್ವನದೇ ಕಾನೂನು. ಎಲ್ಲರಿಗೂ ಬಡಿಸಿದ ಮೇಲೆ ಕಟ್ಟಕಡೆಗೆ ಅವಳು ಉಪವಾಸ ಬಿಡುತ್ತಿದ್ದಳು. ಆರತಿ ನೀರು ಕೊಡುತ್ತಾ, ತಾಟು ಎತ್ತುತ್ತಾ ಅಡುಗೆಮನೆಯ ಬಾಗಿಲಲ್ಲೇ ಇರುತ್ತಿದ್ದಳು.

“ನಿನ್ನ ಸೊಸಿ ನಮ್ಮ ಸಂಗಾಟ ಒಂದ ದಿನಾನೂ ಕುಂತ ಉಣ್ಣಲಿಲ್ಲ ನೋಡ ಎಸ್ತೇರವ್ವಾ,” ಎಂದು ಕೂಟದ ಹಿರಿಯಳಾದ ತಾಯವ್ವ ಆಗಾಗ ಚುಚ್ಚುತ್ತಿದ್ದಳು. “ನಮ್ಮ ಪಂಕ್ತಿ ಆಕಿಗೆ ಒಲ್ಲೆನಿಸತೈತೇನ?”

“ಹಂಗೇನಿಲ್ಲ, ಆಕೀದು ಮೊದಲ ಆಗಿರತೈತಿ,” ಎನ್ನುತ್ತಿದ್ದಳು ಎಸ್ತೇರವ್ವ. ಅಡುಗೆ ಮಾಡುವವಳು ಹಸಿದು ಸತ್ತದ್ದನ್ನು ಯಾರು ಕಂಡಿದ್ದಾರೆ? ಎಲ್ಲೋ ಒಂದು ಹೊತ್ತಿನಲ್ಲಿ ಎರಡು ತುತ್ತು ಬಾಯಿಗೆ ಹಾಕಿಕೊಂಡಿರುತ್ತಾಳೆ ಎಂದೇ ಅವಳ ಲೆಕ್ಕ. ಆದರೂ ತಾಯವ್ವನ ಮಾತು ಒಳಗೆ ಮುಳ್ಳಾಗಿ ಉಳಿಯುತ್ತಿತ್ತು.

ಮದುವೆಯಾಗಿ ಮೂರನೆಯ ಚಳಿಗಾಲ. ಆ ಶುಕ್ರವಾರ ತಾಯವ್ವ ಮತ್ತೆ ಅದೇ ಮಾತು ತೆಗೆದಳು, ಅದೂ ಎಲ್ಲರ ಎದುರಿಗೆ. ಎಸ್ತೇರವ್ವನಿಗೆ ಮುಖಕ್ಕೆ ಹೊಡೆದಂತಾಯಿತು. ಪ್ರಾರ್ಥನೆಯ ಸರದಿ ಬಂದಾಗ ಅವಳ ದನಿ ತಾನಾಗಿಯೇ ಏರಿತು: “ಕರ್ತನೇ, ಈ ಮನಿಯೊಳಗ ಕತ್ತಲಾಗ ಕುಂತ ಜೀವ ಒಂದೈತಿ. ನನ್ನ ಸೊಸಿ ಆರತಿ ಕುರುಡ ಅದಾಳ ತಂದೆ. ಇಷ್ಟ ವರ್ಷ ಬೆಳಕಿನ ಮನ್ಯಾಗ ಇದ್ದೂ ಆಕಿಗೆ ಕಾಣವಲ್ದು. ಆಕಿ ಕಣ್ಣ ತೆರಿ.” ಹೆಂಗಸರೆಲ್ಲ ಆಮೆನ್ ಎಂದರು. ಎಸ್ತೇರವ್ವ ಕಣ್ಣು ಬಿಟ್ಟಾಗ ಆರತಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ. ಏನೂ ಆಗದವಳಂತೆ ಎಲ್ಲರಿಗೂ ಬಡಿಸಿದಳು.

ಮರುದಿನ ಕೈಯಲ್ಲಿ ಚೀಲ ಹಿಡಿದು ಬಂದು, “ನಾಕ ದಿನ ಅವ್ವನ ಮನಿಗೆ ಹೋಗಿ ಬರತೇನ್ರಿ ಅತ್ತಿ,” ಎಂದಳು. ನಾಲ್ಕು ದಿನ ಕಳೆಯಿತು, ಬರಲಿಲ್ಲ. ಗುರುವಾರ ಪ್ರಭಾಕರ ಉಣ್ಣುವ ತಾಟನ್ನು ದೂಡಿ ಹೇಳಿದ:

“ಆಕಿ ಬರೂದಿಲ್ಲಂತವಾ. ಹತ್ತ ಮಂದಿ ಮುಂದ ಕುರುಡಿ ಅಂದ ಮನ್ಯಾಗ ಹ್ಯಾಂಗ ತಿರಗ್ಯಾಡಲಿ ಅಂತ ಅಳತಾಳ.”

“ನಾ ಆಕಿ ಒಳ್ಳೇದಕ್ಕ ಬೇಡಿದ್ದೋ. ಪ್ರಾರ್ಥನಿ ಮಾಡೂದು ತಪ್ಪೇನು?”

“ತಪ್ಪೋ ಒಪ್ಪೋ ನನಗ ತಿಳೀದು. ಎಲ್ಲಾರ ಮುಂದ ಅಂದಾಕಿ ನೀನು, ಕರಕೊಂಡ ಬರಾಕಿನೂ ನೀನ. ಆಕಿ ಬರಲಿಲ್ಲಂದ್ರ ನಾ ಹುಕ್ಕೇರಿಗೆ ಬದಲಿ ಕೇಳತೇನಿ. ಅಲ್ಲೇ ಮನಿ ಮಾಡತೇನಿ.”

ಮಗ ಹಾಗೆಲ್ಲ ಮಾತಾಡುವವನಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ರಾತ್ರಿ ಎಸ್ತೇರವ್ವನಿಗೆ ನಿದ್ದೆ ಬರಲಿಲ್ಲ. ಸೊಸೆ ಹೋದರೆ ಮಗನೂ ಹೋದ, ಇಬ್ಬರೂ ಹೋದರೆ ಈ ರೊಟ್ಟಿ ಯಾರಿಗೆ, ಈ ಪ್ರಾರ್ಥನೆ ಯಾರಿಗೆ?

ಮರುದಿನ ಶುಕ್ರವಾರ. ಉಪವಾಸದ ದಿನ ಕೈಹಾಕಿದ ಕೆಲಸ ಕೈಗೂಡುತ್ತದೆ ಎಂಬುದು ಅವಳ ನಂಬಿಕೆ. ಕೂಟವನ್ನು ತಾಯವ್ವನಿಗೆ ಒಪ್ಪಿಸಿ ಮಧ್ಯಾಹ್ನ ಬಸ್ಸು ಹತ್ತಿದಳು. ಕಬ್ಬಿನ ಹಂಗಾಮು. ಘಟಪ್ರಭಾ ದಾಟುವಷ್ಟರಲ್ಲಿ ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದರ ಟ್ರೇಲರ್ ಮಗುಚಿ ರಸ್ತೆ ಬಂದ್. ಬಸ್ಸು ನಿಂತಲ್ಲೇ ನಿಂತಿತು. ಕಿಟಕಿ ಪಕ್ಕ ಕೂತು ಎಸ್ತೇರವ್ವ ಹೇಳಬೇಕಾದ ಮಾತನ್ನು ಕೂಡಿಸಿಟ್ಟುಕೊಂಡಳು: ‘ನೋಡವಾ, ನಿನ್ನ ಮ್ಯಾಲಿನ ಮಮತೆಯಿಂದ ಬೇಡಿದ್ದು, ಸಿಟ್ಟ ಮಾಡಬ್ಯಾಡ.’ ತಪ್ಪಾಯಿತು ಎಂಬ ಮಾತು ಅದರಲ್ಲಿ ಇರಲಿಲ್ಲ. ತಪ್ಪು ಎಲ್ಲಿದೆ ಎಂದು ಅವಳಿಗೆ ಕಂಡಿದ್ದರೆ ತಾನೆ!

ಹುಕ್ಕೇರಿಯ ಮನೆ ಮುಟ್ಟಿದಾಗ ಹೊತ್ತು ಮುಳುಗಿತ್ತು. ಮನೆಯವರದು ಊಟ ಮುಗಿದು ಅಡುಗೆಮನೆ ಸಾರಿಸಿಯೂ ಆಗಿತ್ತು. ಆರತಿಯ ತಂದೆ ಧರಣೇಂದ್ರ ತೂಗುಮಂಚದಿಂದ ಎದ್ದು “ಬರ್ರಿ ಅಕ್ಕಾರ” ಎಂದ. ತಾಯಿ ಜಿನ್ನವ್ವ ಕಾಲಿಗೆ ನೀರು ಕೊಟ್ಟಳು. ಆರತಿ ಬಂದು ಚೀಲ ಇಸಿದುಕೊಂಡು, “ಬಸ್ಸಿನ್ಯಾಗ ತ್ರಾಸ ಆತೇನ್ರಿ?” ಎಂದು ಕೇಳಿ ತಲೆ ತಗ್ಗಿಸಿದಳು. ಮಗಳನ್ನು ಅಳಿಸಿದವಳು ಬಂದಿದ್ದಾಳೆ ಎಂದು ಯಾರ ಮುಖದಲ್ಲೂ ಇರಲಿಲ್ಲ. ಬೈದಿದ್ದರೆ ಎಸ್ತೇರವ್ವನಿಗೆ ಸುಲಭವಾಗುತ್ತಿತ್ತು, ಬೈಗುಳಕ್ಕೆ ಉತ್ತರ ಕೊಡುವುದು ಅವಳಿಗೆ ಗೊತ್ತು.

ಮೂಲೆಯಲ್ಲಿ ಕೂತು ತನ್ನ ಹೊತ್ತಿನ ಪ್ರಾರ್ಥನೆ ಮಾಡಿದಳು. ಹಟಮಾರಿ ಹೆಂಗಸು, ಅಲ್ಲಿಯೂ ಬೇಡಿದ್ದು ಅದನ್ನೇ: ‘ಕಣ್ಣು ತೆರೆ ತಂದೆ.’ ಮುಗಿಸಿ ನೋಡಿದರೆ ಜಿನ್ನವ್ವ ಗ್ಯಾಸಿನ ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು. ಕೈ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ಬಾಗಿಲಲ್ಲಿ ನಿಂತ ಗಂಡನ ಮುಖ ನೋಡಿದಳು. ಧರಣೇಂದ್ರ ಆಗಲಿ ಎಂಬಂತೆ ಗೋಣು ಹಾಕಿ ಹೊರಗೆ ಹೋದ. ಜಿನ್ನವ್ವ ಒಲೆ ಹೊತ್ತಿಸಿದಳು.

ಎಸ್ತೇರವ್ವ ಎದ್ದು ಬಂದಳು. “ಹೊತ್ತ ಮುಳುಗಿದ ಮ್ಯಾಲ ನೀವು ಒಲಿ ಹಚ್ಚೂದಿಲ್ಲ ಅಂತ ನಾ ಬಲ್ಲೆನ್ರಿ ಜಿನ್ನವ್ವಾರ. ಯಾಕ ಹಚ್ಚಿದ್ರಿ? ಇದ್ದದ್ದ ಕೊಡ್ರಿ, ತಣ್ಣಗಿದ್ರ ಏನಾತು.”

“ಪ್ರಾರ್ಥನಿ ಆದ ಮ್ಯಾಲ ನೀವು ಉಪವಾಸ ಬಿಡತೀರಿ ಅಂತ ಆರತಿ ಹೇಳ್ಯಾಳ್ರಿ. ದಿನಾ ಪೂರ್ತಿ ಹಸದ ಬಂದಾರಿಗೆ ಆರಿದ್ದ ಹ್ಯಾಂಗ ಬಡಸಲಿ ಅಕ್ಕಾರ? ಬೆಂಕ್ಯಾಗ ಹುಳ ಬಿದ್ದ ಸತ್ರ ಆ ದೋಷ ನನಗ ಬರಲಿ. ನೀವು ಹಸದ ಮಲಗಬಾರದು.”

ಬಿಸಿ ಹೆಸರುಬೇಳೆ, ಸಂಜೆಯೇ ಬಡಿದಿಟ್ಟ ರೊಟ್ಟಿ, ಮೊಸರು. ತಾಟಿನ ಮುಂದೆ ಕೂತ ಎಸ್ತೇರವ್ವ ಮರ್ಯಾದೆಗೆ ಕೇಳಿದಳು: “ಆರತಿ ಉಂಡ್ಲೇನ್ರಿ?”

“ಎಲ್ಲೀದ್ರಿ,” ಎಂದಳು ಜಿನ್ನವ್ವ. “ಶುಕ್ರವಾರ ಅಲ್ಲೇನ್ರಿ ಇವತ್ತ? ಆಕೀದೂ ನಿಮ್ಮ ಸಂಗಾಟ ಉಪವಾಸಲ್ರಿ. ಮದಿವ್ಯಾದಾಗಿಂದ ಹಿಡದಾಳಂತ. ನೀ ಈಗ ಅತ್ತಿ ಮನ್ಯಾಗ ಇಲ್ಲವಾ, ಇಲ್ಲಿ ಉಣ್ಣು ಅಂತ ಮುಂಜಾನಿ ಹೇಳೇ ಹೇಳಿದೆ. ಕೇಳಲಿಲ್ಲ. ಇನ್ನ ನಾಳೆ ಹೊತ್ತ ಹುಟ್ಟಿದ ಮ್ಯಾಲ ಆಕಿ ಬಾಯಿಗೆ ನೀರು.”

ಎಸ್ತೇರವ್ವನ ಕೈಯಲ್ಲಿ ಮುರಿದ ರೊಟ್ಟಿ ಹಾಗೇ ಉಳಿಯಿತು. ಮದುವೆಯಾದ ಮೊದಲ ತಿಂಗಳು ಕಣ್ಮುಂದೆ ಬಂತು. ಒಂದು ಶುಕ್ರವಾರ ಸಂಜೆ, ಬಿಸಿಲು ಇನ್ನೂ ಇರುವಾಗ, ಆರತಿ ತನಗೆಂದು ಒಂದು ರೊಟ್ಟಿ ತೆಗೆದು ತಾಟಿಗಿಟ್ಟುಕೊಂಡಿದ್ದಳು. ‘ಕರ್ತನ ಹೆಸರಿನ ಅಡಗಿ, ಪ್ರಾರ್ಥನಿ ಆಗೂಮಟ ಮುಟ್ಟಬಾರದು’ ಎಂದು ಎಸ್ತೇರವ್ವನೇ ಆ ತಾಟು ಎತ್ತಿ ಒಳಗಿಟ್ಟಿದ್ದಳು. ಹುಡುಗಿ ಹೂಂ ಎಂದಿತ್ತು. ಅಂದಿನಿಂದ ಶುಕ್ರವಾರ ಅವಳು ಉಂಡದ್ದನ್ನು ಎಸ್ತೇರವ್ವ ಕಂಡಿಲ್ಲ. ಉಂಡಿಲ್ಲವೆಂಬುದನ್ನೂ ಕಂಡಿಲ್ಲ. ಆಮೆನ್ ಎನ್ನುವಷ್ಟರಲ್ಲಿ ಹೊರಗೆ ಕತ್ತಲು. ಪ್ರಾರ್ಥನೆಗೆ ಮೊದಲು ಅತ್ತೆಯ ಕಾನೂನು, ಆಮೇಲೆ ತವರುಮನೆಯ ನೇಮ. ಎರಡನ್ನೂ ಮುರಿಯದ ಹುಡುಗಿಗೆ ಉಳಿದದ್ದು ಹಸಿವು. ಹಾಗೆ ಹಸಿದವಳೇ ಇಡೀ ಕೂಟಕ್ಕೆ ಬಡಿಸಿದ್ದಾಳೆ. ಯಾವ ಊರಿನ ಹಸಿದವರಿಗೋ ದಿನಾ ಒಂದು ಹಿಡಿ ಜೋಳ ತೆಗೆದಿಟ್ಟ ಮನೆಯಲ್ಲಿ, ಆ ಗಡಿಗೆಯ ಬಾಜೂಕೇ ನಿಂತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಎಸ್ತೇರವ್ವ ಎಷ್ಟು ಜನರಿಗೆ ಹೇಳಿದ್ದಳೋ!

“ಆರತೀ,” ಎಂದು ಕರೆದಳು. ಆರತಿ ಬಂದು ಪಕ್ಕದಲ್ಲಿ ಕೂತಳು. “ಯಾಕ ಹೇಳಲಿಲ್ಲವಾ ನನಗ? ಹಸವ ಆಗತೈತಿ ಅತ್ತಿ ಅಂತ ಒಂದ ಮಾತ ಅನಬಾರದಿತ್ತ?”

ಆರತಿ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಹೇಳಿದಳು: “ಮೊದಮೊದಲ ಭಾಳ ಸಿಟ್ಟ ಬರತಿತ್ರಿ. ನಾ ಉಂಡಿಲ್ಲ ಅಂತ ನಿಮಗ ಯಾವಾಗ ಕಾಣತೈತೋ ನೋಡೂನು ಅಂತ ಹಟಾ ಹಿಡದಿದ್ದೆ. ಆಮ್ಯಾಲ ನೀವು ಎಲ್ಲಾರಿಗೂ ಬಡಿಸಿ ಕಡೀಕ ಉಣ್ಣೂದ ನೋಡಿದೆ. ಮಾವಾರನ್ನ ನೆನಿಸಿ ಒಬ್ಬರ ಕಣ್ಣೀರ ಹಾಕಿ ಪ್ರಾರ್ಥನಿ ಮಾಡೂದ ನೋಡಿದೆ. ಒಬ್ಬರ ಹಸದ ಇರೂದಕ್ಕಿಂತ ಇಬ್ಬರ ಇರೂನು ಅನಿಸ್ತು. ನಿಮ್ಮ ಹಾಡು ನನಗ ಬರೂದಿಲ್ಲ, ನಿಮ್ಮಂಗ ಪ್ರಾರ್ಥನಿ ಮಾಡಾಕ ಬರೂದಿಲ್ಲ. ಉಪವಾಸ ಬರತಿತ್ತು. ಅದನ್ನ ಮಾಡಿದೆ.” ಕಡೆಗೆ ಮೆಲ್ಲಗೆ ಅಂದಳು: “ಆವತ್ತ ನೀವು ಕುರುಡಿ ಅಂದಾಗ ಅದಕ್ಕ ಭಾಳ ಸಂಕಟಾತ್ರಿ.”

ಎಸ್ತೇರವ್ವನಿಗೆ ಸಣ್ಣಂದಿನಿಂದ ಮೆಚ್ಚಿನ ಕಥೆಯೊಂದಿತ್ತು. ದಾರಿಯ ಬದಿಗೆ ಕೂತ ಕುರುಡ ಭಿಕ್ಷುಕ ಯೇಸುವನ್ನು ಕೂಗಿ ಕರೆದದ್ದು, ಜನ ಸುಮ್ಮನಿರು ಎಂದು ಗದರಿಸಿದರೂ ಬಿಡದೆ ಕೂಗಿ ಕಣ್ಣು ಪಡೆದದ್ದು. ಬೇಡಿದರೆ ಹಾಗೆ ಬೇಡಬೇಕು ಎಂದು ಕೂಟದಲ್ಲಿ ಅದನ್ನು ಹೇಳಿದ್ದೇ ಹೇಳಿದ್ದು. ಈಗ ತಾಟಿನ ಮುಂದೆ ಕೂತು ಮೊದಲ ಸಲ ಹೊಳೆಯಿತು: ಆ ಕುರುಡ ಬೇಡಿದ್ದು ತನ್ನ ಕಣ್ಣನ್ನು, ಬಾಜೂ ಮನೆಯವರ ಕಣ್ಣನ್ನಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡ ಮಾತೆಲ್ಲ ಎಲ್ಲಿ ಹೋಯಿತೋ.

“ತಪ್ಪ ಆತವಾ,” ಎಂದಳು. “ಕಣ್ಣಿಲ್ಲದಾಕಿ ನಾನು. ನಿನ್ನ ಹೆಸರಿಲೆ ಬೇಡಿದೆ, ಕರ್ತ ಸರಿಯಾಗೇ ತಿಳಕೊಂಡಾನ.”

ತಾಟು ದೂಡಹೋದವಳ ಕೈಯನ್ನು ಆರತಿ ಹಿಡಿದಳು. “ಉಣ್ರಿ ಅತ್ತಿ. ನಮ್ಮವ್ವ ಹುಟ್ಟಿದಾಗಿಂದ ಇಷ್ಟೊತ್ತಿಗೆ ಒಲಿ ಹಚ್ಚಿದಾಕಿ ಅಲ್ಲ. ನೀವು ಉಣ್ಣಲಿಲ್ಲಂದ್ರ ಅದೂ ದಂಡ ಆಗತೈತಿ.” ಎಸ್ತೇರವ್ವ ಉಂಡಳು. ಆ ಊಟದ ರುಚಿ ಏನೆಂದು ಇವತ್ತಿಗೂ ಅವಳಿಗೆ ಹೇಳಲು ಬರುವುದಿಲ್ಲ.

ನಸುಕಿಗೇ ಎದ್ದಳು, ಅದು ರೂಢಿ. ಸ್ನಾನ ಮಾಡಿ ಅಂಗಳದಲ್ಲಿ ಮೂಡಣಕ್ಕೆ ಮುಖ ಮಾಡಿ ಕೂತಳು. ಜಿನ್ನವ್ವ ಬಂದು ನೋಡಿ, “ಚಳ್ಯಾಗ ಯಾಕ ಕುಂತೀರಿ ಅಕ್ಕಾರ?” ಎಂದಳು.

“ಹೊತ್ತ ಹುಟ್ಟೂದ ಕಾಯಾಕತ್ತೇನ್ರಿ. ಹುಟ್ಟಿದ ಕೂಡ್ಲೆ ಆಕಿಗೆ ಎರಡ ರೊಟ್ಟಿ ಬಡದ ಕೊಡಬೇಕು. ನಿಮ್ಮ ಅಡಗಿಮನಿಗೆ ನಾ ಬರಬಹುದೇನ್ರಿ?”

ಮಾಂಸ ತಿನ್ನುವ ಮನೆಯ ಕೈ. ಜಿನ್ನವ್ವನ ಅಡುಗೆಮನೆಗೆ ಅಂಥ ಕೈ ಹಿಂದೆ ಬಂದದ್ದಿಲ್ಲ. ಅವಳು ತುಸು ಯೋಚಿಸಿದಳು. “ಜಳಕ ಆಗೇತೇನ್ರಿ?”

“ಆಗೇತ್ರಿ.”

“ಹಂಗಾರ ಬರ್ರಿ,” ಎಂದು ಜಿನ್ನವ್ವ ಹಿಟ್ಟಿನ ಡಬ್ಬಿ ಮುಂದಿಟ್ಟು ಬಾಜೂಕೆ ಸರಿದಳು. ಗೋಕಾಕದ ಓಣಿಗೆ ಗೊತ್ತಿದ್ದ ಆ ಸಪ್ಪಳ ಆ ದಿನ ಹುಕ್ಕೇರಿಯಲ್ಲಿ ಕೇಳಿಸಿತು. ಮೊದಲ ರೊಟ್ಟಿಯನ್ನು ಎಸ್ತೇರವ್ವ ಮೊಸರಿನಲ್ಲಿ ನೆನೆಸಿ ತನ್ನ ಕೈಯಿಂದಲೇ ಆರತಿಯ ಬಾಯಿಗಿಟ್ಟಳು. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಊರು ಸೇರಿದರು.

ಮಗ ಉಳಿದ, ಸೊಸೆ ಬಂದಳು, ಮುಗಿಯಿತಲ್ಲ ಎನ್ನಬಹುದು. ಎಲ್ಲರ ಮುಂದೆ ಆಡಿದ ಮಾತನ್ನು ಅಡುಗೆಮನೆಯಲ್ಲಿ ಅತ್ತು ತೊಳೆಯಲು ಬರುವುದಿಲ್ಲ ಎಂಬುದು ಎಸ್ತೇರವ್ವನಿಗೆ ಗೊತ್ತಿತ್ತು. ಮುಂದಿನ ಶುಕ್ರವಾರ ಎದುರುಮನೆಯ ಗೋಡೆಯ ಮೇಲೆ ಬಿಸಿಲು ಇನ್ನೂ ಇರುವಾಗಲೇ ಎರಡು ತಾಟು ಹಾಕಿದಳು. “ನೀವು ಉಪವಾಸ ಬಿಡೂದು ಪ್ರಾರ್ಥನಿ ಆದ ಮ್ಯಾಲಲ್ಲೇನ್ರಿ?” ಎಂದಳು ಆರತಿ. “ಈಗೂ ಪ್ರಾರ್ಥನಿನ ಮಾಡೂದು, ಕುಂದರು,” ಎಂದಳು ಎಸ್ತೇರವ್ವ. ಕಣ್ಣು ಮುಚ್ಚಿ ಎರಡೇ ಮಾತು ಬೇಡಿ ಇಬ್ಬರೂ ಜೊತೆಗೆ ಉಪವಾಸ ಬಿಟ್ಟರು.

ದೀಪ ಹಚ್ಚುವ ಹೊತ್ತಿಗೆ ಬಂದ ತಾಯವ್ವನಿಗೆ ತೊಳೆದಿಟ್ಟ ತಾಟು ಕಂಡವು. “ಪ್ರಾರ್ಥನಿಗಿಂತ ಮೊದಲ ಊಟ ಯಾವ ರೂಢಿಯವಾ ಇದು?”

“ಆ ರೂಢಿ ಹಾಕಿದಾಕಿ ನಾನು ತಾಯವ್ವಾ. ಮುರದಾಕಿನೂ ನಾನ. ನೀವು ಮೊದಲಿನಂಗ ಆಮ್ಯಾಲ ಉಣ್ರಿ,” ಎಂದಳು ಎಸ್ತೇರವ್ವ. ಅವಳ ಸರದಿ ಬಂದಾಗ ದನಿ ಏರಲಿಲ್ಲ: “ಕರ್ತನೇ, ಇದ ಜಾಗಾದಾಗ ಕುಂತು ನನ್ನ ಸೊಸಿ ಕುರುಡಿ ಅಂದಿದ್ದೆ. ಆಕಿ ಮೂರ ವರ್ಷ ನನ್ನ ಸಂಗಾಟ ಉಪವಾಸ ಇದ್ದು, ಹಸದ ಹೊಟ್ಟೀಲೆ ನಮಗೆಲ್ಲಾ ಬಡಸ್ಯಾಳ. ನನಗ ಕಾಣಲಿಲ್ಲ. ಕುರುಡಿ ನಾನಿದ್ದೆ. ತೆರದಿ ನೋಡು, ದೊಡ್ಡ ಉಪಕಾರ.” ಕೂಟದಲ್ಲಿ ಆಮೆನ್ ಬರಲು ತಡವಾಯಿತು. ಎಲ್ಲರಿಗಿಂತ ಮೊದಲು ಮೂಗು ಒರೆಸಿಕೊಂಡವಳು ತಾಯವ್ವ.

ಮರುದಿನ ನಸುಕಿನಲ್ಲಿ ಅತ್ತೆ ಸೊಸೆ ಇಬ್ಬರೂ ಜೋಳ ಹಸನು ಮಾಡುತ್ತಿದ್ದರು. ಎಸ್ತೇರವ್ವ ಮೊದಲ ಹಿಡಿ ಎತ್ತಿದಳು, ಗಡಿಗೆಯ ಮೇಲೆ ಕೈ ಹಿಡಿದಳು. ತುಟಿ ಅಲುಗಿತು, ಜೋಳ ಬಿತ್ತು.

“ಇವತ್ತ ಯಾರ ಹೆಸರೀಲೇರಿ?” ಎಂದು ಕೇಳಿದಳು ಆರತಿ.

“ನನ್ನ ಹೆಸರೀಲೆ,” ಎಂದಳು ಎಸ್ತೇರವ್ವ. “ಕಣ್ಣ ಈಗಷ್ಟ ತೆರದಾವು. ಮತ್ತ ಮುಚ್ಚಬಾರದು ನೋಡು.”

ಆರತಿ ನಕ್ಕಳು. ಆಮೇಲೆ ಮೊರದಿಂದ ತಾನೂ ಒಂದು ಹಿಡಿ ಎತ್ತಿ, ಕಣ್ಣು ಮುಚ್ಚಿ, ಅತ್ತೆಯ ಹೆಸರು ಹೇಳಿ ಗಡಿಗೆಗೆ ಹಾಕಿದಳು.